ನಾಯಿ ಯಾವ ಬಾಗಿಲಿನವರೆಗೆ? ಒಂದು ಆಹಾರ ಕಾರ್ಖಾನೆಯ ಪ್ರಕರಣ ಅಧ್ಯಯನ

ಅಮೆರಿಕದ ಒಂದು ಮಧ್ಯಮ ಗಾತ್ರದ ಆಹಾರ ಕಾರ್ಖಾನೆ. ಇನ್‌ಸ್ಟಂಟ್ ಸೂಪ್ ಪುಡಿ, ಹಾಲಿನ ಪುಡಿ ಬೆರೆತ ಡ್ರಿಂಕ್ ಮಿಕ್ಸ್, ಇಂಥವನ್ನು ತಯಾರಿಸಿ ಪೊಟ್ಟಣ ಕಟ್ಟಿ ಕಳಿಸುವುದು ಅಲ್ಲಿಯ ಕೆಲಸ. ಅಲ್ಲಿನ ಕ್ವಾಲಿಟಿ ಇನ್‌ಸ್ಪೆಕ್ಟರ್ ಒಬ್ಬರಿಗೆ ಚಿಕ್ಕಂದಿನಿಂದ ಟೈಪ್ 1 ಡಯಾಬಿಟಿಸ್. ಈಗ ಅದರ ಜೊತೆಗೆ ಇನ್ನೊಂದು ತೊಂದರೆ ಸೇರಿದೆ. ರಕ್ತದಲ್ಲಿ ಸಕ್ಕರೆ ಇಳಿಯುವಾಗ ಸಾಮಾನ್ಯವಾಗಿ ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇವರಿಗೆ ಆ ಸೂಚನೆಗಳೇ ಗೊತ್ತಾಗುತ್ತಿಲ್ಲ. ವರ್ಷಗಟ್ಟಲೆ ಇನ್ಸುಲಿನ್ ತೆಗೆದುಕೊಂಡವರಲ್ಲಿ ಹೀಗಾಗುವುದುಂಟು. ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರ ವಹಿಸಬೇಕು, 54ಕ್ಕಿಂತ ಕೆಳಗಿಳಿದರೆ ಅಪಾಯ. ಇವರು ಆ ಎರಡು ಗಡಿಗಳನ್ನೂ ಅರಿವಿಲ್ಲದೆ ದಾಟಿಬಿಡುತ್ತಾರೆ.

ಹಾಗಾಗಿ ತರಬೇತಿ ಪಡೆದ ಒಂದು ಲ್ಯಾಬ್ರಡಾರ್ ಅವರ ಜೊತೆಗಿದೆ. ಸಕ್ಕರೆ ಇಳಿಯುವಾಗ ಮೈಯ ವಾಸನೆಯಲ್ಲಿ ಆಗುವ ಬದಲಾವಣೆಯನ್ನು ಅದು ಹಿಡಿಯುತ್ತದೆ. ಮೂಗಿನಿಂದ ಅವರ ಮೊಣಕಾಲು ತಿವಿಯುತ್ತದೆ, ಅವರು ಗಮನ ಕೊಡುವ ತನಕ ಬಿಡುವುದಿಲ್ಲ. ಈ ನಾಯಿಯನ್ನು ಕೆಲಸಕ್ಕೆ ಕರೆತರಲು ಅನುಮತಿ ಕೊಡಿ ಎಂದು ಅವರು ಎಚ್‌ಆರ್ ವಿಭಾಗಕ್ಕೆ ಬರೆದರು. ಉತ್ತರ ಬೇಗನೆ ಬಂತು: ಆಹಾರ ತಯಾರಿಸುವ ಜಾಗಕ್ಕೆ ಪ್ರಾಣಿ ಬರುವಂತಿಲ್ಲ, ಅದು ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) ನಿಯಮ, ನಮ್ಮ ಕೈಯಲ್ಲಿ ಏನೂ ಇಲ್ಲ.

ಇದು ಯಾವುದೋ ಒಂದು ಕಂಪನಿಯ, ಒಬ್ಬ ವ್ಯಕ್ತಿಯ ಕಥೆಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಾರ್ಖಾನೆಗಳಲ್ಲಿ ಎದುರಾಗುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಕಾನೂನು ಮತ್ತು ನಿಯಮಗಳು ಮಾತ್ರ ಇದ್ದದ್ದು ಇದ್ದ ಹಾಗೆ ಇವೆ.

ನಿಯಮ ನಿಜವಾಗಿ ಏನು ಹೇಳುತ್ತದೆ

ಎಚ್‌ಆರ್ ಕೊಟ್ಟ ಉತ್ತರ ಅರ್ಧ ಮಾತ್ರ ಸರಿ. ಅಮೆರಿಕದಲ್ಲಿ ಆಹಾರ ಕಾರ್ಖಾನೆಗಳ ಶುಚಿತ್ವದ ನಿಯಮಗಳು ಫೆಡರಲ್ ನಿಯಮಗಳ ಸಂಗ್ರಹವಾದ ಸಿಎಫ್‌ಆರ್‌ನ 21ನೇ ಶೀರ್ಷಿಕೆಯ 117ನೇ ಭಾಗದಲ್ಲಿವೆ. 2011ರ ಆಹಾರ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ 2015ರಲ್ಲಿ ಇವು ಅಂತಿಮ ರೂಪ ಪಡೆದವು. ಅದರಲ್ಲಿ 117.35(ಸಿ) ಎಂಬ ಚಿಕ್ಕ ಪ್ಯಾರಾ ಇಲಿ, ಹುಳುಗಳ ನಿಯಂತ್ರಣದ ಬಗ್ಗೆ ಮಾತಾಡುತ್ತದೆ. ಕಾರ್ಖಾನೆಯ ಯಾವ ಭಾಗದಲ್ಲೂ ಇವಕ್ಕೆ ಜಾಗ ಇರಬಾರದು ಎನ್ನುತ್ತದೆ. ಅದರ ಮುಂದಿನ ವಾಕ್ಯವೇ ನಾಯಿಗಳದ್ದು. ಕಾವಲು ನಾಯಿ, ದಾರಿ ತೋರಿಸುವ ನಾಯಿ, ಕೀಟ ಪತ್ತೆ ಮಾಡುವ ನಾಯಿಗಳನ್ನು ಕಾರ್ಖಾನೆಯ ಕೆಲವು ಭಾಗಗಳಲ್ಲಿ ಬಿಡಬಹುದು. ಆದರೆ ಅವುಗಳಿಂದ ಆಹಾರ, ಆಹಾರ ತಾಗುವ ಮೇಲ್ಮೈ ಅಥವಾ ಪ್ಯಾಕಿಂಗ್ ಸಾಮಗ್ರಿ ಕಲುಷಿತವಾಗುವ ಸಂಭವ ಇರಬಾರದು.

ಅಂದರೆ ಬಾಗಿಲನ್ನು ಪೂರ್ತಿ ಮುಚ್ಚಿದ್ದು ನಿಯಮ ಅಲ್ಲ, ಕಾರ್ಖಾನೆಯ ರೂಢಿ. ಎಷ್ಟೋ ಕಡೆ ಗೋಡೆ ಮೇಲಿನ ‘ಪ್ರಾಣಿಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡನ್ನೇ ಕಾನೂನು ಅಂದುಕೊಂಡಿರುತ್ತಾರೆ. ಡಯಾಬಿಟಿಸ್ ಇರುವವರನ್ನು ಎಚ್ಚರಿಸುವ ನಾಯಿ ಈ ಮೂರು ಬಗೆಯಲ್ಲಿ ಹೆಸರು ಹಿಡಿದು ಬಂದಿಲ್ಲ, ನಿಜ. ಆದರೆ ನಿಯಮ ಕೇಳುವ ಪ್ರಶ್ನೆ ಕಲುಷಿತವಾಗುತ್ತದೋ ಇಲ್ಲವೋ ಎಂಬುದು. ಆ ಪ್ರಶ್ನೆಗೆ ದಾರಿ ತೋರಿಸುವ ನಾಯಿಗೂ ಈ ನಾಯಿಗೂ ಬರುವ ಉತ್ತರ ಬೇರೆ ಆಗಲು ಕಾರಣವೇ ಇಲ್ಲ.

ಇನ್ನೊಂದು ಕಡೆ 1990ರ ಎಡಿಎ, ಅಂದರೆ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರ ಮೊದಲ ಅಧ್ಯಾಯ 15 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. 2008ರ ತಿದ್ದುಪಡಿಯ ನಂತರ ಡಯಾಬಿಟಿಸ್ ಅಂಗವೈಕಲ್ಯ ಹೌದೋ ಅಲ್ಲವೋ ಎಂಬ ವಾದಕ್ಕೆ ಹೆಚ್ಚು ಜಾಗ ಉಳಿದಿಲ್ಲ. ಇಲ್ಲಿ ಬಹಳ ಜನ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಅಂಗಡಿ, ಹೋಟೆಲ್‌ಗಳಂಥ ಸಾರ್ವಜನಿಕ ಜಾಗಗಳಲ್ಲಿ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾ, ಯಾವ ಕೆಲಸಕ್ಕೆ ತರಬೇತಿ ಆಗಿದೆ. ಆ ನಿಯಮ ಕೆಲಸದ ಜಾಗದ್ದಲ್ಲ. ಉದ್ಯೋಗದ ಅಧ್ಯಾಯದಲ್ಲಿ ಸರ್ವಿಸ್ ಡಾಗ್ (ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ನಾಯಿ) ಎಂದರೆ ಏನೆಂಬ ವ್ಯಾಖ್ಯಾನವೇ ಇಲ್ಲ. ಅಲ್ಲಿ ನಾಯಿಯನ್ನು ಕರೆತರುವುದು ಕುರ್ಚಿ ಬದಲಿಸುವುದು, ಶಿಫ್ಟ್ ಬದಲಿಸುವುದರಂತೆ ಒಂದು ಹೊಂದಾಣಿಕೆಯ ಕೋರಿಕೆ. ತೊಂದರೆ ಕಣ್ಣಿಗೆ ಕಾಣದಿದ್ದರೆ ಕಂಪನಿ ಡಾಕ್ಟರ ಪತ್ರ ಕೇಳಬಹುದು, ನಾಯಿ ಕೆಲಸದ ಜಾಗದಲ್ಲಿ ಶಿಸ್ತಾಗಿ ಇರುತ್ತದೆಯೇ ಎಂದು ವಿಚಾರಿಸಬಹುದು. ಅದರ ಜೊತೆಗೆ ನೌಕರರ ಜೊತೆ ಕೂತು ಮಾತಾಡುವ ಹೊಣೆಯೂ ಕಂಪನಿಯದ್ದೇ.

ಕಂಪನಿಯ ವಕೀಲರು ಹಿಡಿದುಕೊಂಡ ಅಂಶ ಇನ್ನೊಂದು. ಬೇರೆ ಫೆಡರಲ್ ನಿಯಮ ಅಡ್ಡ ಬಂದರೆ ಅದನ್ನು ಸಮರ್ಥನೆಯಾಗಿ ಹೇಳಿಕೊಳ್ಳಬಹುದು ಎಂದು, ಉದ್ಯೋಗದಲ್ಲಿ ತಾರತಮ್ಯ ತಡೆಯುವ ಫೆಡರಲ್ ಆಯೋಗವಾದ ಇಇಒಸಿಯ ನಿಯಮಗಳಲ್ಲೇ ಇದೆ. ಸರಿ. ಆದರೆ ಎಫ್‌ಡಿಎ ನಿಯಮವೇ ‘ಕೆಲವು ಭಾಗಗಳಲ್ಲಿ ಬಿಡಬಹುದು’ ಎಂದಮೇಲೆ, ಆ ಸಮರ್ಥನೆ ಇಡೀ ಕಟ್ಟಡಕ್ಕೆ ಹೇಗೆ ಅನ್ವಯಿಸುತ್ತದೆ? ಪುಡಿ ತೆರೆದಿರುವ ಕೋಣೆಗೆ ಅನ್ವಯಿಸಬಹುದು. ಆಫೀಸಿಗೆ, ಊಟದ ಕೋಣೆಗೆ, ಗೋದಾಮಿಗೆ ಅಲ್ಲ.

ನಕ್ಷೆ ಹಿಡಿದು ನಡೆದಾಗ

ಮಾತುಕತೆ ಮುಂದೆ ಹೋದದ್ದು ಕಟ್ಟಡದ ನಕ್ಷೆಯನ್ನು ಮೇಜಿನ ಮೇಲೆ ಹರಡಿದ ಮೇಲೆ. ಇನ್‌ಸ್ಪೆಕ್ಟರ್, ಎಚ್‌ಆರ್, ಸ್ಯಾನಿಟೇಷನ್ ಮುಖ್ಯಸ್ಥರು, ಆಹಾರ ಸುರಕ್ಷತಾ ಯೋಜನೆ ಬರೆಯುವ ಅಧಿಕಾರಿ, ನಾಲ್ವರೂ ನಕ್ಷೆ ಹಿಡಿದು ಗೇಟಿನಿಂದ ಒಳಗೆ ನಡೆದರು. ಪ್ರತಿ ಬಾಗಿಲಲ್ಲಿ ಎರಡು ಪ್ರಶ್ನೆ. ಇದರ ಆಚೆ ಆಹಾರ ತೆರೆದಿದೆಯೇ? ಇದರ ಆಚೆ ಇವರಿಗೆ ಎಷ್ಟು ಹೊತ್ತು ಕೆಲಸ?

ಆಫೀಸು, ದಾಖಲೆ ಕೋಣೆ, ಊಟದ ಕೋಣೆ: ಇಲ್ಲಿ ತಕರಾರೇ ಇರಲಿಲ್ಲ. ಸಿದ್ಧವಾದ ಪೆಟ್ಟಿಗೆಗಳ ಗೋದಾಮಿನಲ್ಲಿ ಪುಡಿ ಮುಚ್ಚಿದ ಪೊಟ್ಟಣದಲ್ಲಿ, ಪೊಟ್ಟಣ ಮುಚ್ಚಿದ ಪೆಟ್ಟಿಗೆಯಲ್ಲಿ. ಅಲ್ಲಿ ನಾಯಿಯಿಂದ ಆಹಾರಕ್ಕಿಂತ ಫೋರ್ಕ್‌ಲಿಫ್ಟ್‌ನಿಂದ ನಾಯಿಗೇ ಅಪಾಯ ಜಾಸ್ತಿ. ಹಾಗಾಗಿ ನಡೆಯುವವರಿಗೆಂದು ಹಳದಿ ಗೆರೆ ಎಳೆದ ದಾರಿ ಮಾತ್ರ.

ಪ್ಯಾಕಿಂಗ್ ಹಾಲ್ ಸ್ವಲ್ಪ ಕಷ್ಟದ್ದು. ಒಂದೇ ಹಾಲ್, ಆದರೆ ಒಂದು ತುದಿಯಲ್ಲಿ ಪುಡಿ ಪೊಟ್ಟಣಕ್ಕೆ ಬೀಳುತ್ತಿರುತ್ತದೆ, ಇನ್ನೊಂದು ತುದಿಯಲ್ಲಿ ಸೀಲ್ ಆದ ಪೊಟ್ಟಣ ಪೆಟ್ಟಿಗೆ ಸೇರುತ್ತಿರುತ್ತದೆ. ಇನ್‌ಸ್ಪೆಕ್ಟರ ಮೇಜು ಇದ್ದದ್ದು ಪುಡಿ ಬೀಳುವ ತುದಿಯಲ್ಲಿ. ಅದು ಅಲ್ಲೇ ಇರಬೇಕೆಂಬ ಕಾರಣವನ್ನು ಯಾರೂ ಹೇಳಲಿಲ್ಲ. ಮುಂಚಿನಿಂದ ಅಲ್ಲಿತ್ತು, ಅಷ್ಟೇ. ಮೆಟಲ್ ಡಿಟೆಕ್ಟರ್ ಪರೀಕ್ಷೆ, ಸೀಲ್ ಪರೀಕ್ಷೆ, ಲೇಬಲ್ ಮತ್ತು ದಿನಾಂಕದ ಪರೀಕ್ಷೆ, ಎಲ್ಲವೂ ಸೀಲ್ ಆದ ಮೇಲಿನ ಕೆಲಸಗಳು. ಮಧ್ಯೆ ಒಂದು ಗೋಡೆ ಎದ್ದರೆ, ಗಾಳಿ ಪುಡಿಯ ಕಡೆಯಿಂದ ಪೆಟ್ಟಿಗೆಯ ಕಡೆಗೆ ಹರಿಯುವಂತೆ ಇದ್ದರೆ, ಮೇಜನ್ನು ಕೊನೆಯ ತುದಿಗೆ ಸರಿಸಿದರೆ, ದಿನದ ಬಹುಪಾಲು ಕೆಲಸ ನಾಯಿಯನ್ನು ಕಾಲ ಬಳಿ ಇಟ್ಟುಕೊಂಡೇ ನಡೆಯುತ್ತದೆ. ಹಾಗೇ ಮಾಡಿದರು. ಪೊಟ್ಟಣ ಮಾಡುವ ತೆರೆದ ಫಿಲ್ಮ್ ರೋಲ್‌ಗಳನ್ನು ಮಾತ್ರ ಆ ತುದಿಯಿಂದ ಬೇರೆಡೆಗೆ ಒಯ್ಯಬೇಕಾಯಿತು. ನಿಯಮದಲ್ಲಿ ಪ್ಯಾಕಿಂಗ್ ಸಾಮಗ್ರಿಯೂ ಸೇರಿದೆ ಎಂಬುದನ್ನು ಜನ ಮರೆತುಬಿಡುತ್ತಾರೆ.

ಬಿಸ್ಕತ್ತು, ನೀರು, ಇಲಿ ಪಾಷಾಣ

ನಾಯಿ ಎಂದ ಕೂಡಲೇ ಎಲ್ಲರ ತಲೆಗೆ ಬರುವುದು ಕೂದಲು. ಕೂದಲು ಸಮಸ್ಯೆಯೇ, ಆದರೆ ಸುಲಭದ ಸಮಸ್ಯೆ. ಮನೆಯಲ್ಲೇ ಬಾಚಿ, ಮೈ ಮುಚ್ಚುವ ಬಟ್ಟೆ ತೊಡಿಸಿ ತರಬೇಕು. ಆ ಬಟ್ಟೆ ನೌಕರರ ಯೂನಿಫಾರಂ ಜೊತೆಗೇ ಲಾಂಡ್ರಿಗೆ ಹೋಗಬೇಕು, ಒಳಗೆ ಮಾತ್ರ ಬಳಸುವ ನಾಯಿಯ ಶೂಗಳು ಬಾಗಿಲಲ್ಲೇ ಇರಬೇಕು. ನನಗೆ ಇದಕ್ಕಿಂತ ಚಿಂತೆಗೆ ಹಚ್ಚಿದ್ದು ಬೇರೆ ಮೂರು ವಿಷಯಗಳು.

ಮೊದಲನೆಯದು ನಾಯಿಗೆ ಕೊಡುವ ಬಹುಮಾನ. ಇಂಥ ನಾಯಿಗಳು ಸರಿಯಾಗಿ ಎಚ್ಚರಿಸಿದಾಗಲೆಲ್ಲ ಒಂದು ತುಣುಕು ತಿಂಡಿ ಪಡೆಯುತ್ತವೆ. ತರಬೇತಿ ಉಳಿಯುವುದೇ ಅದರಿಂದ. ಆ ತಿಂಡಿ ಒಡತಿಯ ಜೇಬಿನಲ್ಲಿರುತ್ತದೆ. ನಾಯಿ ಬಿಸ್ಕತ್ತಿನಲ್ಲಿ ಶೇಂಗಾ ಬೆಣ್ಣೆ, ಗೋಧಿ, ಮೊಟ್ಟೆ, ಹಾಲು ಇರುವುದು ಮಾಮೂಲು. ಅಮೆರಿಕದಲ್ಲಿ ಲೇಬಲ್ ಮೇಲೆ ಹೇಳಲೇಬೇಕಾದ ಮುಖ್ಯ ಅಲರ್ಜಿ ಪದಾರ್ಥಗಳು ಒಂಬತ್ತು. 2023ರ ಜನವರಿಯಿಂದ ಎಳ್ಳೂ ಸೇರಿದೆ. ಶೇಂಗಾ ಬಳಸದ ಕಾರ್ಖಾನೆಗೆ ಶೇಂಗಾ ಬರುವುದು ನಾಯಿಯ ಮೈಯಿಂದ ಅಲ್ಲ, ಅದರ ಬಹುಮಾನ ಇಟ್ಟ ಜೇಬಿನಿಂದ! ನಾಯಿಗೆ ಕೊಟ್ಟ ಕೈಯೇ ಪೊಟ್ಟಣವನ್ನೂ ಮುಟ್ಟುತ್ತದೆ. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಕಾರ್ಖಾನೆಯ ಅಲರ್ಜಿ ಪಟ್ಟಿಗೆ ಹೊಂದುವ ಒಂದೇ ಬಗೆಯ ತಿಂಡಿಯನ್ನು ಆರಿಸಿ, ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಕೊಟ್ಟ ಮೇಲೆ ಕೈ ತೊಳೆದು ಗ್ಲವ್ಸ್ ಬದಲಿಸುವುದು. ಆದರೆ ಮೊದಲು ಯಾರಿಗಾದರೂ ಹೊಳೆಯಬೇಕಲ್ವಾ? ನಾಯಿಯ ಊಟವಂತೂ ಕಟ್ಟಡದೊಳಗೆ ಬರಲೇಬಾರದು ಎಂದು ಬರೆದರು. ಒಣ ನಾಯಿ ಆಹಾರದಿಂದಲೇ ಜನರಿಗೆ ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ತಗುಲಿದ ಪ್ರಕರಣ 2012ರಲ್ಲಿ ಅಮೆರಿಕದಲ್ಲಿ ನಡೆದಿದೆ. ಹಸಿ ಮಾಂಸ ತಿನ್ನುವ ನಾಯಿಗಳ ಮಲದಲ್ಲಿ ಈ ಬ್ಯಾಕ್ಟೀರಿಯಾ ಬರುವ ಸಂಭವ ಜಾಸ್ತಿ. ಆದ್ದರಿಂದ ಈ ನಾಯಿಗೆ ಹಸಿ ಮಾಂಸ ಕೊಡುವುದಿಲ್ಲ ಎಂಬುದೂ ಒಪ್ಪಂದಕ್ಕೆ ಸೇರಿತು.

ಎರಡನೆಯದು ನೀರು. ಮಳೆಯಲ್ಲಿ ನಡೆದು ಬಂದ ನಾಯಿಯ ಕಾಲನ್ನು ಬಾಗಿಲಲ್ಲಿ ತೊಳೆದು ಒಳಗೆ ಬಿಡೋಣ ಎಂದು ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಸ್ಯಾನಿಟೇಷನ್ ಮುಖ್ಯಸ್ಥರು ತಕ್ಷಣ ಬೇಡ ಎಂದರು. ಪುಡಿ ತಯಾರಿಸುವ ಕಾರ್ಖಾನೆಗೆ ನೀರೇ ಶತ್ರು. ಒಣ ಪುಡಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ಆದರೆ ಸಾಯದೆ ತಿಂಗಳುಗಟ್ಟಲೆ ಕೂತಿರುತ್ತದೆ. ಒಂದು ಮೂಲೆಯಲ್ಲಿ ಸ್ವಲ್ಪ ನೀರು ನಿಂತರೆ ಸಾಕು, ಅಲ್ಲೇ ಬೆಳೆಯತೊಡಗುತ್ತದೆ. 2008-09ರಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕದ ಶೇಂಗಾ ಉತ್ಪನ್ನಗಳಿಂದ 714 ಜನ ಕಾಯಿಲೆ ಬಿದ್ದದ್ದು ದಾಖಲಾಯಿತು. ಅದು ಒಣ ಆಹಾರದಿಂದಲೇ ಹರಡಿದ ಸಾಲ್ಮೊನೆಲ್ಲಾ. ಒಣ ಆಹಾರ ಅಂದರೆ ಭಯವಿಲ್ಲ ಎಂಬ ಮಾತಿಗೆ ಅಲ್ಲಿಗೆ ಜಾಗವಿಲ್ಲ. ಹಾಗಾಗಿ ಕಾಲು ತೊಳೆಯುವ ವ್ಯವಸ್ಥೆ ಕಟ್ಟಡದ ಹೊರಗೆ. ಒಣ ಟವೆಲ್‌ನಲ್ಲಿ ಬೆರಳ ಸಂದಿಯವರೆಗೂ ಒರೆಸಿ, ಒಣಗಿದ ಮೇಲೆ ಒಳಗಿನ ಶೂ ತೊಡಿಸಿ, ಆಮೇಲೆ ಒಳಗೆ. ಕುಡಿಯುವ ನೀರಿನ ಬಟ್ಟಲು ಆಫೀಸಿನಲ್ಲಿ ಮಾತ್ರ. ನೆಲಕ್ಕೆ ಬಳಸುವ ಸ್ಯಾನಿಟೈಸರ್ ನಾಯಿಯ ಪಾದ ಸುಡಬಹುದು, ನೆಕ್ಕಿದರೆ ಬಾಯಿಯೂ ಸುಡಬಹುದು. ಶೂ ಇದ್ದರೆ ಆ ತೊಂದರೆಯೂ ತಪ್ಪುತ್ತದೆ.

ಮೂರನೆಯದು ಹೊರಗಿನದು. ನಾಯಿಗೆ ಮಲಮೂತ್ರಕ್ಕೆಂದು ಗುರುತಿಸಿದ ಜಾಗ ಬೇಲಿಯ ಪಕ್ಕದ ಹುಲ್ಲು. ನಾಲ್ವರೂ ಹೋಗಿ ನೋಡಿದರೆ ಬೇಲಿಯ ಉದ್ದಕ್ಕೂ ಕಪ್ಪು ಪೆಟ್ಟಿಗೆಗಳು. ಇಲಿ ಪಾಷಾಣದ ಪೆಟ್ಟಿಗೆಗಳು! ಬೀಗ ಇರುತ್ತದೆ, ನಿಜ. ಆದರೆ ವಿಷ ತಿಂದು ಹೊರಗೆ ಬಂದು ಸತ್ತ ಇಲಿಗೆ ಬೀಗ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ಇಲಿಯ ಮೂಲಕ ನಾಯಿಗೂ ತಗುಲಬಹುದು. ಜಾಗವನ್ನು ಪಾರ್ಕಿಂಗ್ ಆಚೆ ಬದಿಗೆ ಬದಲಿಸಿದರು. ಕೀಟ ನಿಯಂತ್ರಣದ ಗುತ್ತಿಗೆದಾರರ ನಕ್ಷೆಯಲ್ಲೂ ಅದನ್ನು ಗುರುತು ಮಾಡಿಸಿದರು. ಶುಚಿ ಮಾಡುವ ಹೊಣೆ ನೌಕರರದ್ದು, ಮುಚ್ಚಳದ ಕಸದ ಡಬ್ಬಿ ಕಂಪನಿಯದ್ದು. ನಾಯಿಯ ರೇಬೀಸ್ ಲಸಿಕೆ, ಹೊಟ್ಟೆಹುಳು ಪರೀಕ್ಷೆ, ಚಿಗಟ ತಡೆಯ ಔಷಧಿಯ ದಾಖಲೆಗಳನ್ನು ಅವರೇ ತಂದು ತೋರಿಸಿದರು.

ಮಿಕ್ಸಿಂಗ್ ರೂಮಿನ ಬಾಗಿಲು

ಇಲ್ಲಿ ನಾಯಿ ನಿಲ್ಲಲೇಬೇಕು. ಪುಡಿ ತೆರೆದಿದೆ, ಗಾಳಿಯಲ್ಲಿ ಹಾರುತ್ತಿದೆ, ಉಪಕರಣಗಳ ಬಾಯಿ ತೆರೆದಿದೆ. ಕಲುಷಿತವಾಗುವ ಸಂಭವ ಇಲ್ಲ ಎಂದು ಯಾವ ಪ್ರಾಮಾಣಿಕ ಆಹಾರ ಸುರಕ್ಷತಾ ಅಧಿಕಾರಿಯೂ ಸಹಿ ಹಾಕಲಾರರು. ಇದರಲ್ಲಿ ನನಗೂ ಅನುಮಾನವಿಲ್ಲ. ಈ ಆಹಾರ ತಿನ್ನುವವರಲ್ಲಿ ಮಕ್ಕಳಿದ್ದಾರೆ, ಕಾಯಿಲೆಯವರಿದ್ದಾರೆ.

ಆದರೆ ‘ನಾಯಿ ಹೊರಗೆ ನಿಲ್ಲಲಿ’ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಉತ್ತರ ಅಲ್ಲ. ವಾಸನೆ ಹಿಡಿದು ಎಚ್ಚರಿಸುವ ನಾಯಿಯನ್ನು ಗೋಡೆಯ ಆಚೆ ಕಟ್ಟಿದರೆ ಅದು ಏನನ್ನು ಹಿಡಿಯುತ್ತದೆ? ಇಡೀ ಶಿಫ್ಟ್ ಪಂಜರದಲ್ಲಿ ಕೂರಿಸಿ ‘ಅನುಮತಿ ಕೊಟ್ಟಿದ್ದೇವೆ’ ಎಂದು ಫೈಲಿನಲ್ಲಿ ಬರೆದರೆ, ಅದು ಬರೀ ಕಾಗದದ ಮೇಲಿನ ಹೊಂದಾಣಿಕೆ.

ಆದ್ದರಿಂದ ಪ್ರಶ್ನೆ ನಾಯಿಯಿಂದ ಕೆಲಸದ ಕಡೆಗೆ ತಿರುಗಿತು. ಇನ್‌ಸ್ಪೆಕ್ಟರ್ ಮಿಕ್ಸಿಂಗ್ ರೂಮಿಗೆ ಹೋಗುತ್ತಿದ್ದದ್ದು ಸ್ಯಾಂಪಲ್ ತರಲು, ಶಿಫ್ಟಿಗೆ ಒಂದೆರಡು ಸಲ. ಅದೇ ಕೆಲಸ ಮಾಡಬಲ್ಲ ಇನ್ನಿಬ್ಬರು ಅದೇ ಶಿಫ್ಟಿನಲ್ಲಿದ್ದಾರೆ. ಕೆಲಸದ ಮುಖ್ಯ ಭಾಗವನ್ನು ತೆಗೆದುಹಾಕು ಎಂದು ಎಡಿಎ ಹೇಳುವುದಿಲ್ಲ, ಆದರೆ ಸಣ್ಣಪುಟ್ಟ ಭಾಗಗಳನ್ನು ಅದಲುಬದಲು ಮಾಡುವುದು ಅದರ ಪ್ರಕಾರ ನ್ಯಾಯವಾದ ಹೊಂದಾಣಿಕೆ. ಸ್ಯಾಂಪಲ್ ತರುವುದು ಆ ಇಬ್ಬರಿಗೆ ಹೋಯಿತು, ಅವರ ಬ್ಯಾಚ್ ದಾಖಲೆ ಪರಿಶೀಲನೆ ಇವರಿಗೆ ಬಂತು.

ತುರ್ತಾಗಿ ಒಳಗೆ ಹೋಗಲೇಬೇಕಾದ ದಿನಗಳಿರುತ್ತವೆ. ಅದಕ್ಕೆ ಬೇರೆ ದಾರಿ. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಅವರ ಬಳಿ ಮುಂಚೆಯೇ ಇತ್ತು. ಅದು ಚರ್ಮದಡಿಯ ದ್ರವವನ್ನು ಅಳೆಯುವುದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಅದಕ್ಕೇ ಅವರಿಗೆ ಅದೊಂದೇ ಸಾಲದು. ಆದರೆ ಹತ್ತಿಪ್ಪತ್ತು ನಿಮಿಷಕ್ಕೆ, ಒಳಗೆ ಹೋಗುವ ಮೊದಲು ಬೆರಳು ಚುಚ್ಚಿ ನೋಡಿಕೊಂಡರೆ, ಸಾಕು ಎಂದು ಅವರ ಡಾಕ್ಟರೇ ಬರೆದುಕೊಟ್ಟರು. ಆಗ ಗೊತ್ತಾಯಿತು, ಸೆನ್ಸರಿಗೂ ಇಲ್ಲಿ ಅನುಮತಿ ಇಲ್ಲ! ಒಳಗೆ ಫೋನ್ ನಿಷೇಧ, ಸೆನ್ಸರಿನ ಅಲಾರಂ ಬರುವುದು ಫೋನಿಗೆ. ಅಂಟಿಸಿದ ವಸ್ತು ಉದುರಿ ಪುಡಿಗೆ ಬೀಳಬಹುದು. ಆಹಾರ ತೆರೆದಿರುವ ಕಡೆ ಏನನ್ನೂ ತಿನ್ನುವಂತಿಲ್ಲ, ಆದ್ದರಿಂದ ಗ್ಲೂಕೋಸ್ ಮಾತ್ರೆಯೂ ಇಲ್ಲ. ನಾಯಿಯ ಬಗ್ಗೆ ಅಷ್ಟು ಚರ್ಚೆ ಮಾಡಿದವರು ಇಷ್ಟು ವರ್ಷ ಈ ಮಾತ್ರೆಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಗಂಭೀರವಾದ ಲೋಪ ಇದೇ. ಸೆನ್ಸರ್ ಮೇಲೆ ಬಿಗಿಯಾದ ಪಟ್ಟಿ, ಅದರ ಮೇಲೆ ಉದ್ದ ತೋಳಿನ ಕೋಟು. ಒರೆಸಬಹುದಾದ ಚೀಲದಲ್ಲಿ, ಫೋನಿನ ಬದಲು ಅಲಾರಂ ಕೊಡುವ ರಿಸೀವರ್. ಕೋಟು ತೊಡುವ ಕೋಣೆಯಲ್ಲಿ ಕೈಗೆಟುಕುವಂತೆ ಮಾತ್ರೆ. ಇಷ್ಟಕ್ಕೆ ಲಿಖಿತ ಅನುಮತಿ ಸಿಕ್ಕಿತು. ಆ ಹೊತ್ತಿಗೆ ನಾಯಿ ಆಫೀಸಿನಲ್ಲಿ ಕಾಯುತ್ತದೆ.

ಎಲ್ಲಾ ಕಾರ್ಖಾನೆಗಳಲ್ಲೂ ಇದೇ ಗೆರೆ ನಡೆಯುವುದಿಲ್ಲ. ಇಂಜೆಕ್ಷನ್ ಔಷಧಿ ತುಂಬುವ ಸ್ಟೆರೈಲ್ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3,520ಕ್ಕಿಂತ ಜಾಸ್ತಿ ಇರುವಂತಿಲ್ಲ. ಮನುಷ್ಯರೇ ಮೈಯೆಲ್ಲ ಮುಚ್ಚಿ ಹೋಗುವ ಜಾಗ ಅದು. ಅಲ್ಲಿ ನಾಯಿಯ ಮಾತೇ ಇಲ್ಲ, ಗೆರೆ ಎಷ್ಟೋ ಬಾಗಿಲು ಹಿಂದೆಯೇ ಬೀಳುತ್ತದೆ.

ಸಹೋದ್ಯೋಗಿಗಳು, ಫೈಲುಗಳು

ಪ್ಯಾಕಿಂಗ್ ಹಾಲಿನಲ್ಲಿ ಒಬ್ಬರಿಗೆ ನಾಯಿ ಕಂಡರೆ ಸೀನು, ಉಸಿರಾಟದ ತೊಂದರೆ. ಅವರದ್ದೂ ನಿಜವಾದ ತೊಂದರೆ, ಅವರೂ ಹೊಂದಾಣಿಕೆ ಕೇಳಬಹುದು. ಒಬ್ಬರ ಹಕ್ಕಿಗೆ ಇನ್ನೊಬ್ಬರನ್ನು ಬಲಿ ಕೊಡುವುದಲ್ಲ. ಇಬ್ಬರನ್ನೂ ಬೇರೆ ಬೇರೆ ಲೈನಿಗೆ ಹಾಕಿ, ಊಟದ ಸಮಯ ಬೇರೆ ಮಾಡಿ, ಕಾರಿಡಾರಿನ ಏರ್ ಫಿಲ್ಟರ್ ಬದಲಿಸಿದ ಮೇಲೆ ಇಬ್ಬರಿಗೂ ಸರಿಹೋಯಿತು. ನಾಯಿಯನ್ನು ಮುಟ್ಟಬೇಡಿ, ಕರೆಯಬೇಡಿ, ತಿಂಡಿ ಕೊಡಬೇಡಿ ಎಂದು ಎಲ್ಲರಿಗೂ ಹೇಳಿದರು.

‘ಅವರಿಗೆ ಯಾಕೆ ನಾಯಿ?’ ಎಂದು ಜನ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವ ಅಧಿಕಾರ ಕಂಪನಿಗಿಲ್ಲ. ವೈದ್ಯಕೀಯ ಮಾಹಿತಿಯನ್ನು ಬೇರೆ ಫೈಲಿನಲ್ಲಿ ಗುಟ್ಟಾಗಿ ಇಡಬೇಕೆಂದು ಎಡಿಎ ಹೇಳುತ್ತದೆ. ಕ್ವಾಲಿಟಿ ವಿಭಾಗದವರು ಎಡವುವುದು ಇಲ್ಲೇ. ಅವರಿಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ, ಅದು ಒಳ್ಳೆಯದೇ. ನಾಯಿಯ ಅಪಾಯ ವಿಶ್ಲೇಷಣೆಯನ್ನೂ ಬರೆಯಲೇಬೇಕು, ನಾಳೆ ಎಫ್‌ಡಿಎ ಇನ್‌ಸ್ಪೆಕ್ಟರ್ ಅಥವಾ ಗ್ರಾಹಕ ಕಂಪನಿಯ ಆಡಿಟರ್ ಕೇಳುತ್ತಾರೆ. ಮೊದಲ ಕರಡಿನಲ್ಲಿ ನೌಕರರ ಹೆಸರು, ಕಾಯಿಲೆ, ಡಾಕ್ಟರ ಮಾತು ಎಲ್ಲವೂ ಇತ್ತು. ಆ ಕಾಗದ ತರಬೇತಿ ಫೈಲು ಸೇರಿ ಐವತ್ತು ಜನರ ಸಹಿಗೆ ಹೋಗಲಿತ್ತು. ಸದ್ಯ, ಎಚ್‌ಆರ್‌ನವರು ಅದನ್ನು ತಡೆದರು. ಕೊನೆಗೆ ಉಳಿದದ್ದು ಇಷ್ಟೇ: ಅನುಮತಿ ಪಡೆದ ಒಂದು ಕೆಲಸದ ನಾಯಿ, ಅದರ ದಾರಿ, ಅದರ ಗಡಿ, ಶುಚಿತ್ವದ ಕ್ರಮ, ಪರೀಕ್ಷೆಯ ವಿಧಾನ.

ಪ್ರಯೋಗದ ಅವಧಿ

ಒಮ್ಮೆಗೇ ಶಾಶ್ವತ ಅನುಮತಿ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಕೆಲವು ವಾರ ನೋಡೋಣ ಎಂದರು. ಅಮೆರಿಕದ ಕಾರ್ಮಿಕ ಇಲಾಖೆಯ ಹಣದಿಂದ ನಡೆಯುವ ಜಾಬ್ ಅಕಾಮಡೇಶನ್ ನೆಟ್‌ವರ್ಕ್ ಇಂಥ ವಿಷಯಗಳಲ್ಲಿ ಉಚಿತವಾಗಿ ಸಲಹೆ ಕೊಡುತ್ತದೆ, ಪ್ರಯೋಗದ ಅವಧಿ ಇಟ್ಟುಕೊಳ್ಳುವುದು ಅಲ್ಲಿಯೂ ಸಿಗುವ ಸಲಹೆ. ನಾಯಿ ಬರುವ ಮೊದಲೇ ಅದರ ದಾರಿಯುದ್ದಕ್ಕೂ ಸ್ವಾಬ್ ತೆಗೆದು ಸಾಲ್ಮೊನೆಲ್ಲಾ ಪರೀಕ್ಷೆ ಮಾಡಿಸಿದರು. ಇದು ಬಹಳ ಮುಖ್ಯ. ಮುಂಚಿನ ಸ್ಥಿತಿ ಗೊತ್ತಿಲ್ಲದಿದ್ದರೆ ಆಮೇಲೆ ಸಿಕ್ಕಿದ್ದಕ್ಕೆಲ್ಲ ನಾಯಿಯೇ ಅಪರಾಧಿ ಆಗಿಬಿಡುತ್ತದೆ. ನಾಯಿ ಬಂದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಸ್ವಾಬ್, ಜೊತೆಗೆ ಮಿಕ್ಸಿಂಗ್ ರೂಮಿನ ಬಾಗಿಲಿನ ಒಳಬದಿಯಲ್ಲೂ. ಏನು ಕಂಡರೆ ನಿಲ್ಲಿಸುವುದು, ಏನು ಕಂಡರೆ ತಿದ್ದಿಕೊಂಡು ಮುಂದುವರಿಯುವುದು ಎಂಬುದನ್ನು ಮೊದಲೇ ಬರೆದಿಟ್ಟರು. ಬೆಂಕಿ ಅಲಾರಂ ಬಾರಿಸಿ ಒಮ್ಮೆ ತಾಲೀಮು ಕೂಡ ಮಾಡಿದರು. ಇನ್‌ಸ್ಪೆಕ್ಟರ್ ನೆಲಕ್ಕೆ ಬಿದ್ದರೆ ನಾಯಿಯ ಬೆಲ್ಟ್ ಹಿಡಿಯುವವರು ಯಾರು ಎಂಬುದು ಆಗ ನಿರ್ಧಾರವಾಯಿತು. ಅದಕ್ಕೆ ಅವರೇ ಒಬ್ಬ ಸಹೋದ್ಯೋಗಿಯನ್ನು ಆರಿಸಿಕೊಂಡು, ವಿಷಯವನ್ನೂ ತಾವೇ ತಿಳಿಸಿದರು.

ಇನ್ನೂ ಬಗೆಹರಿಯದ ಒಂದು ವಿಷಯ ಇದೆ. ಮಿಕ್ಸಿಂಗ್ ವಿಭಾಗದ ಸೂಪರ್‌ವೈಸರ್ ಹುದ್ದೆಗೆ ಅರ್ಜಿ ಹಾಕಬೇಕೆಂಬುದು ಈ ಇನ್‌ಸ್ಪೆಕ್ಟರ ಬಹು ದಿನದ ಆಸೆ. ಆ ಹುದ್ದೆಯಲ್ಲಿ ತೆರೆದ ಪುಡಿಯ ಕೋಣೆಯೊಳಗೆ ಇರುವುದೇ ಮುಖ್ಯ ಕೆಲಸ, ಅದನ್ನು ಬೇರೆಯವರಿಗೆ ಹಂಚಲಾಗದು. ಈಗಿನ ಒಪ್ಪಂದ ತೋರಿಸಿ ‘ನಿಮಗೆ ಆಗುವುದಿಲ್ಲ’ ಎಂದುಬಿಡುವುದು ಸುಲಭ, ಆದರೆ ಅದು ಕಾನೂನಿನ ಪ್ರಕಾರವೂ ತಪ್ಪು. ಅಪಾಯ ಎಷ್ಟು ಹೊತ್ತಿನದು, ಎಷ್ಟು ದೊಡ್ಡದು, ಆಗುವ ಸಂಭವ ಎಷ್ಟು, ಎಷ್ಟು ಬೇಗ ಆಗಬಹುದು ಎಂಬುದನ್ನು ಆ ಹುದ್ದೆಗೆ, ಆ ವ್ಯಕ್ತಿಗೆ ಹೊಸದಾಗಿಯೇ ತೂಗಬೇಕು. ಒಳಗಿನ ಕೆಲಸವನ್ನು ಗಾಜಿನ ಕಿಟಕಿಯ ಕಂಟ್ರೋಲ್ ರೂಮಿನಿಂದ ಎಷ್ಟರಮಟ್ಟಿಗೆ ಮಾಡಬಹುದು, ಒಳಗಿರುವ ಹೊತ್ತನ್ನು ತುಂಡು ತುಂಡು ಮಾಡಬಹುದೇ, ಸೆನ್ಸರಿನ ಅಲಾರಂ ಮಿತಿಯನ್ನು ಏರಿಸಿದರೆ ಸಾಕಾಗುತ್ತದೆಯೇ ಎಂದು ಅವರ ಡಾಕ್ಟರನ್ನು ಕೇಳಬೇಕು. ಮುಂದಿನ ಸಭೆಗೆ ಇನ್‌ಸ್ಪೆಕ್ಟರ್ ಕೇಳಿರುವುದು ಮಿಕ್ಸಿಂಗ್ ವಿಭಾಗದ ನಕ್ಷೆಯನ್ನು, ಜೊತೆಗೆ ಆ ಹುದ್ದೆಯ ಒಂದು ಶಿಫ್ಟಿನ ಕೆಲಸದ ಪಟ್ಟಿಯನ್ನು.